ಜರಡಿಯ ಕೆಳಗೆ

ನಸುಕಿನ ನಾಲ್ಕಕ್ಕೆ ದಸ್ತಗೀರಣ್ಣ
ಒಲೆಯ ಬಾಯಿಗೆ ಹೊಟ್ಟು ಸುರಿಯುತ್ತಾನೆ.
ಭತ್ತ ಮೊನ್ನೆ ಮಿಲ್ಲಿನಲ್ಲಿ ಕಳಚಿಟ್ಟ ಅಂಗಿ ಅದು.
ಅದರ ಉರಿಗೆ ಅದೇ ಭತ್ತದ ಅಕ್ಕಿ
ಕಾದ ಮರಳಲ್ಲಿ ಬಿದ್ದು, ಒಮ್ಮೆ ಬೆಚ್ಚಿ,
ಚಟಪಟ ಅರಳಿ ಮಂಡಕ್ಕಿಯಾಗುತ್ತದೆ.
ತನ್ನ ಬಟ್ಟೆಯ ಬೆಂಕಿಯಲ್ಲಿ ತಾನೇ ಹಿಗ್ಗುವುದು
ನಮಗ್ಯಾರಿಗೂ ಬಾರದ ವಿದ್ಯೆ.

ನನ್ನ ಪಾಲಿಗೆ ಬಂದದ್ದು ಜರಡಿ.
ಇಪ್ಪತ್ತೆರಡು ವರ್ಷ. ದಾವಣಗೆರೆಯ ಈ ಭಟ್ಟಿ ಸಾಲಿನಲ್ಲಿ
ಮಾಬುಬೀ ಅಂದರೆ ಯಾವ ಮಾಬುಬೀ ಅನ್ನುತ್ತಾರೆ,
ಜರಡಿಯಾಕೆ ಅಂದರೆ ಹುಡುಗರೂ ಮನೆ ತೋರಿಸುತ್ತಾರೆ.
ಮೇಲೆ ಉಳಿದದ್ದು ಚೀಲಕ್ಕೆ, ಚೀಲ ಲಾರಿಗೆ,
ಲಾರಿ ಯಾವ ಊರಿಗೆಂದು ನಾನು ಕೇಳಿದವಳಲ್ಲ.
ನನ್ನ ಕಣ್ಣೇನಿದ್ದರೂ ಕೆಳಗೆ ಬಿದ್ದದ್ದರ ಮೇಲೆ.

ಮೊದಲು ಮರಳು.
ಆರುವ ಮುಂಚೆಯೇ ಬಾಣಲೆಗೆ ವಾಪಸ್.
ನನ್ನ ಮದುವೆಯ ವರ್ಷ ಹೊಳೆಯಿಂದ ಬಂದ ಮರಳು
ಇದರಲ್ಲಿ ಒಂದು ಹಿಡಿಯಾದರೂ ಇದ್ದೀತು.
ಕಪ್ಪಾಗಿದೆ, ನುಣುಪಾಗಿದೆ, ಬೇಸತ್ತಂತಿಲ್ಲ.

ಆಮೇಲೆ ಮುರುಕು, ಅರಳದೆ ಮುನಿಸಿಕೊಂಡ ಕಾಳು.
ಅದಕ್ಕೆ ಹಾಲಮ್ಮ ಬರುತ್ತಾಳೆ, ಬಣ್ಣದ ಡಬ್ಬ ಹಿಡಿದು.
ಮಂಡಕ್ಕಿ ಪುಡಿ ಕಾಣದೆ ಅವಳ ಎಮ್ಮೆ ಸೊರ ಬಿಡುವುದಿಲ್ಲವಂತೆ.
ದುಡ್ಡು ಕೊಡುವುದಿಲ್ಲ. ಶುಕ್ರವಾರಕ್ಕೊಂದು ಚೊಂಬು ಮಜ್ಜಿಗೆ,
ಅದರಲ್ಲಿ ಬೆಣ್ಣೆ ಹುಡುಕಿದರೂ ಸಿಗದು,
ಬೆಣ್ಣೆಯೆಲ್ಲ ದೋಸೆ ಹೋಟೆಲಿಗೆ ಮೊದಲೇ ಹೋಗಿರುತ್ತದೆ.
ಇರಲಿ. ಪುಡಿಗೆ ಮಜ್ಜಿಗೆ. ಲೆಕ್ಕ ಚುಕ್ತಾ.

ಬೂದಿ ಇಟ್ಟಿಗೆ ಭಟ್ಟಿಯವರಿಗೆ, ಮಿಕ್ಕದ್ದು ನಮ್ಮ ಪಾತ್ರೆಗೆ.
ಹರಿದ ಚೀಲಕ್ಕೆ ದಬ್ಬಣ, ದಬ್ಬಣಕ್ಕೂ ಬಗ್ಗದ್ದು ಕಾಲೊರಸು.
ಸಂಜೆ ಸೆರಗು ಕೊಡವಿದರೆ ಏಳೆಂಟು ಕಾಳು ಉದುರುತ್ತವೆ,
ಮೊಮ್ಮಗ ಎಣಿಸಿಯೇ ತಿನ್ನುತ್ತಾನೆ,
ಶಾಲೆಯಲ್ಲಿ ಅದೇ ಅವನ ಗಣಿತ.

ಹೋದ ಸೋಮವಾರ ಒಬ್ಬ ಹುಡುಗ ಬಂದ.
ಕೊರಳಲ್ಲಿ ಬಿಲ್ಲೆ, ಕೈಯಲ್ಲಿ ಹಾಳೆ, ಹಾಳೆಯ ತುಂಬ ಕೋಣೆ ಕೋಣೆ.
"ದಿನಕ್ಕೆ ಎಷ್ಟು ತ್ಯಾಜ್ಯ ಬೀಳುತ್ತಮ್ಮಾ?"
"ಹಂಗಂದ್ರೆ?"
"ಕೆಲಸಕ್ಕೆ ಬಾರದ್ದು."
ನಾನು ಸುತ್ತ ನೋಡಿದೆ. ನಿಜವಾಗಿಯೂ ನೋಡಿದೆ,
ತವರಿಂದ ಬಂದವರಿಗೆ ಕೊಡಲು ಏನಿದೆಯೆಂದು
ಡಬ್ಬಗಳ ಮುಚ್ಚಳ ತೆಗೆದು ನೋಡುವ ಹಾಗೆ.
ಏನೂ ಸಿಗಲಿಲ್ಲ.
ಅವನು ಖುಷಿಯಿಂದ ಸೊನ್ನೆ ಬರೆದ. ದುಂಡಗೆ, ಪೆನ್ನಿನಲ್ಲಿ.

ಆಗ ಒಳಗೆ ದಸ್ತಗೀರಣ್ಣ ಕೆಮ್ಮಿದ.

ದಿನಾ ಕೆಮ್ಮುತ್ತಾನೆ. ಅಂದು ಕೇಳಿಸಿತು.
ಹೊಟ್ಟಿಗಿಂತ ಮುಂಚೆ ಇಲ್ಲಿ ಹಳೇ ಟೈರು ಉರಿಯುತ್ತಿದ್ದವು,
ಹಗ್ಗದ ಮೇಲಿನ ಕೂಸಿನ ಅರಿವೆ ಕೂಡ ಕಪ್ಪಗಾಗುತ್ತಿತ್ತು.
ಲಾರಿ ಓಡಿ ಸವೆದ ಟೈರು ನಮ್ಮಲ್ಲಿ ಮತ್ತೊಮ್ಮೆ ದುಡಿಯುತ್ತಿತ್ತು.
ಅದೂ ಮರುಬಳಕೆಯೇ, ನೋಡು.
ಅದರ ಹೊಗೆಯನ್ನು ಮಾತ್ರ ಯಾವ ಎಮ್ಮೆಯೂ ತಿನ್ನಲಿಲ್ಲ,
ಯಾವ ಇಟ್ಟಿಗೆಯವನೂ ಕೊಳ್ಳಲಿಲ್ಲ.
ದಸ್ತಗೀರಣ್ಣ ಇಟ್ಟುಕೊಂಡ.

"ತಮ್ಮಾ, ಆ ಸೊನ್ನೆ ಅಳಿಸು" ಅಂದೆ.
"ಪೆನ್ನು, ಅಳಿಸಕಾಗಲ್ಲ."
"ಪಕ್ಕದಲ್ಲಿ ಬರಿ, ಹೊಗೆ ಅಂತ."
ಪಕ್ಕದಲ್ಲಿ ಜಾಗವಿರಲಿಲ್ಲ. ಹಾಳೆ ತಿರುಗಿಸಿ ಅಂಚಿನಲ್ಲಿ
ಸಣ್ಣಗೆ ಬರೆದು, ತಲೆ ಎತ್ತದೆ ಕೇಳಿದ,
"ಎಷ್ಟು ಕೆಜಿ?"

"ದಸ್ತಗೀರಣ್ಣಾ, ಎಷ್ಟ್ ಕೆಜಿ ಅಂತೆ, ನೀನೇ ಹೇಳು."
ಅವನು ನಕ್ಕ. ನಗು ಕೆಮ್ಮಿಗೆ ತಿರುಗಿತು,
ಕೆಮ್ಮು ನಿಲ್ಲಲಿಲ್ಲ, ಬಾಣಲೆ ಕೈಯಾಡಿಸುವವರಿಲ್ಲದೆ
ಮಂಡಕ್ಕಿ ಸೀಯತೊಡಗಿತು. ಓಡಿದೆ.
ಸೀದದ್ದನ್ನೂ ಹಾಲಮ್ಮನ ಎಮ್ಮೆ ತಿನ್ನುತ್ತದೆ,
ಆದರೂ.