ಗಜ್ಜರಿ ಹೆರೆಯುವುದು

ಬ್ರೆಮರ್‌ಹಾವನ್ನಿನ ಶಾಲೆಯಂಗಳ. ಮೀನಿಗೆ ಹೊಗೆ ಹಾಕುವ ಕಾರ್ಖಾನೆಯ ಗಾಳಿ.
ಐದಾರು ಮಕ್ಕಳು ನನ್ನ ಸುತ್ತ ನಿಂತು
ಒಂದು ತೋರುಬೆರಳ ಮೇಲೆ ಇನ್ನೊಂದನ್ನು
ಸರಸರ ತೀಡಿದರು.
ಎಟ್ಶ್, ಎಂದರು. ಎಟ್ಶ್, ಎಟ್ಶ್.

ನನಗಾಗ ಒಂಬತ್ತು. ಗ್ರಿಮ್ಸ್‌ಬಿಯಿಂದ ಬಂದು ಹನ್ನೊಂದು ದಿನ.
ಪಾಪ, ಊರಿಗೆ ಊರೇ ನೆಗಡಿ, ಅಂದುಕೊಂಡೆ.
ದೇವರು ಕಾಯಲಿ, ಎಂದೆ, ನಮ್ಮಲ್ಲಿ ಸೀನಿದವರಿಗೆ ಅನ್ನುವಂತೆ.
ಅವರು ಇನ್ನೂ ಜೋರಾಗಿ ತೀಡಿದರು.
ಚಳಿಗಿರಬೇಕು.
ನಾನೂ ತೀಡಿದೆ.

ಅಡುಗೆಮನೆಯಲ್ಲಿ ಮಾಡಿ ತೋರಿಸಿದರೆ ಅಮ್ಮ ಚಪ್ಪಾಳೆ ತಟ್ಟಿದಳು:
ನೋಡು, ಆಗಲೇ ಗೆಳೆಯರು!
ಮಲತಂದೆ ಡೀಟ್‌ಮಾರ್ ಮಾತ್ರ ಆಲೂಗಡ್ಡೆಯ ಮೇಲೆ ಚಾಕು ನಿಲ್ಲಿಸಿ
ಅದಕ್ಕೆ ಗಜ್ಜರಿ ಹೆರೆಯುವುದು ಅಂತಾರೆ, ಎಂದ,
ತಲೆ ಎತ್ತದೆ.
ಹೆರೆದರೆ ಏನು ಸಿಗುತ್ತೆ? ಎಂದೆ.
ಉಪ್ಪಿನ ಡಬ್ಬಿ ಕೊಡು, ಎಂದ.

ಆಮೇಲೆ ಮಾತು ಹನಿಹನಿಯಾಗಿ ಸೋರಿತು ಕಿವಿಗೆ.
ನಮ್ಮ ದಡದಲ್ಲಿ ಗೇಲಿ ಮಾಡುವವರು ಕಾಲೆಳೆಯುತ್ತಾರೆ;
ಇಲ್ಲಿ ತೋಳ ಮೇಲೆ ಎತ್ತಿಕೊಳ್ಳುತ್ತಾರೆ, ಕೂಸಿನ ಹಾಗೆ,
ಇಲ್ಲವೆ ಕೋಕೋದಲ್ಲಿ ಅದ್ದಿ ಎಳೆಯುತ್ತಾರೆ.
ಕೇಳಿದರೆ ಬಾಯಲ್ಲಿ ನೀರು.
ಹೆಬ್ಬೆರಳು ಮೂಗಿಗಿಟ್ಟು ಮಿಕ್ಕ ನಾಲ್ಕನ್ನು ಕುಣಿಸುವುದೊಂದೇ
ಸುಂಕ ಕಟ್ಟದೆ ಸಮುದ್ರ ದಾಟಿದ್ದು.
ಇವರದಕ್ಕೆ ಉದ್ದ ಮೂಗು ಅನ್ನುತ್ತಾರೆ.
ಅದನ್ನೇ ಸ್ವಾಂಟ್ಯೆಗೆ ಮಾಡಿ ತೋರಿಸಿ
ಕಿಟಕಿ ಪಕ್ಕದ ಜಾಗ ಗೆದ್ದೆ.

ಮಾರ್ಚಿನಲ್ಲಿ ಸ್ವಾಂಟ್ಯೆ, ಬೆರಳಿಗೆ ಬೆರಳು ತಾಗಿಸದೆ,
ಮೂಗು ಮುಟ್ಟದೆ, ಮೆತ್ತಗೆ
ಒಂದು ವಾಕ್ಯ ಹೇಳಿದಳು:
ಅವರ ಬೇಕರಿಗೆ ನನ್ನಮ್ಮ ಬಂದು, ಬ್ರೆಡ್ಡನ್ನು ಗಂಡಸು ಮಾಡಿ ಕೇಳಿ,
ಅವಳು ಬಾಗಿಲು ದಾಟುವ ತನಕ ಸಾಲಲ್ಲಿ ನಿಂತವರೆಲ್ಲ ತುಟಿ ಕಚ್ಚಿ...
ಈ ಭಾಷೆಯಲ್ಲಿ ಕ್ರಿಯಾಪದ ಎಷ್ಟೋ ಸಲ
ಕೊನೆಯಲ್ಲಿ ಕಾದು ಕೂತಿರುತ್ತದೆ.
ನಾನೂ ಕಾದೆ.
ಬಂತು.
ಒಂದಕ್ಷರವೂ ಬಿಡದೆ ಅರ್ಥವಾಯಿತು.

ಅದೇ ವಾರ ಓಲ್ಟ್‌ಮಾನ್ಸ್ ಟೀಚರ್ ಚೀಟಿ ಬರೆದು ಕಳಿಸಿದರು:
ಕೇಳಿ ಗ್ರಹಿಸುವುದು, ಅತ್ಯುತ್ತಮ.
ಅಮ್ಮ ಅದನ್ನು ಫ್ರಿಜ್ಜಿಗೆ ಅಂಟಿಸಿ, ಎರಡು ಸಲ ಸವರಿ,
ಬ್ರೆಡ್ಡು ತರಲು ಚೀಲ ತೆಗೆದುಕೊಂಡಳು.
ಕೊಡು, ನಾನು ಹೋಗುತ್ತೇನೆ, ಎಂದೆ.

ಬೂಟಿನ ಲಾಡಿ ಕಟ್ಟುತ್ತಿದ್ದಾಗ
ಒಲೆಯ ಬಳಿ ಡೀಟ್‌ಮಾರ್ ಸೀನಿದ.
ಮೊದಲು ಅವನ ಬೆರಳು ನೋಡಿದೆ.