ಚುಕ್ಕೆ ಗೆರೆಯ ನದಿ

ಸ್ಟೋರ್ ರೂಮಿನಿಂದ ಪಾಲಯ್ಯ ಹೊತ್ತು ತಂದ
ದಕ್ಷಿಣ ಯುರೋಪಿಗೆ ಗೆದ್ದಲು ಹತ್ತಿದೆ.
ಸಿಸಿಲಿ ಪೂರ್ತಿ ಹೋಗಿದೆ.
ಟಾರಸ್ ಪರ್ವತದ ಮೇಲೆ ಇಲಿಯೊಂದು
ಸಂಸಾರ ಹೂಡಿ ಎದ್ದುಹೋದ ಗುರುತು.
ಬಟ್ಟೆ ಬೆನ್ನಿನ ಭೂಪಟ; ಬಿಚ್ಚಿ ಒದರಿದರೆ
ಹಳೇ ಕಂಬಳಿಯ ಧೂಳು.

ಮೊಳೆಗೆ ನೇತುಹಾಕಿ, ಕೋಲು ಹಿಡಿದು
ಹೇಳಿಸುತ್ತೇನೆ:
ಪಿರನೀಸ್. ಅಪೆನೈನ್. ಪಿಂಡಸ್. ಅಟ್ಲಾಸ್.
ಮೂವತ್ತೊಂದು ಗಂಟಲು ಮಗ್ಗಿಯ ರಾಗದಲ್ಲಿ
ಬೆಟ್ಟ ಹತ್ತಿ ಇಳಿಯುತ್ತವೆ.
ಎಬ್ರೊ. ರೋನ್. ಟೈಬರ್.
ಪೋ.
ಅಂದದ್ದೇ ತಡ, ಕ್ಲಾಸು ಗೊಳ್ಳೆಂದಿತು.
ಮನೆಯಲ್ಲಿ ತೆಲುಗಾಡುವ ಮಕ್ಕಳು ಅರ್ಧಕ್ಕರ್ಧ.
'ಪೋ ಅಂದ್ರೆ ಹೋಗು ಅಂತ ಮಿಸ್,
ಅದಕ್ಕೇ ಅದು ನಿಲ್ಲದಂಗೆ ಹೋಗ್ತೈತೆ.'
ನಾನೂ ನಕ್ಕೆ.
ಇಪ್ಪತ್ತೆರಡು ವರ್ಷ ಕಲಿಸಿದ ನದಿ
ಅವತ್ತು ಮೊದಲ ಸಲ ಹರಿಯಿತು.

ನಾನು ಸಮುದ್ರ ನೋಡಿದವಳಲ್ಲ.
ನೋಡಿದ್ದು ಜೋಗಿಮಟ್ಟಿ, ಮಾರಿಕಣಿವೆಯ ನೀರು,
ಮೊಳಕಾಲ್ಮೂರಿನ ಕಡೆಯ ಉರುಟು ಬಂಡೆಗಳು,
ಯಾರೋ ಗುಂಡುಕಲ್ಲಾಟ ಅರ್ಧಕ್ಕೆ ಬಿಟ್ಟು
ಊಟಕ್ಕೆ ಎದ್ದುಹೋದ ಹಾಗೆ.
ಆದರೂ ಬೋರ್ಡಿನ ಮೇಲೆ ಬರೆಯುತ್ತೇನೆ:
ಬೇಸಿಗೆ ಒಣ. ಚಳಿಗಾಲದಲ್ಲಿ ಮಳೆ. ಎರಡು ಅಂಕ.

ಹಿಂದಿನ ಬೆಂಚಿನಿಂದ ತಿಪ್ಪೇಶಿ:
'ಹಂಗಾದ್ರೆ ಅವರಿಗೆ ಮುಂಗಾರೇ ಇಲ್ವಾ?'
ಇಲ್ಲ.
'ರೋಹಿಣಿ? ಮೃಗಶಿರ? ಆರಿದ್ರಾನೂ?'
ಯಾವುದೂ ಇಲ್ಲಪ್ಪ, ಬರೀ ಹಿಂಗಾರಿನ ದೇಶ.
ಕ್ಲಾಸು ಸುಮ್ಮನಾಯಿತು,
ದೂರದ ನೆಂಟರ ಮನೆಯ ಕಷ್ಟ ಕೇಳಿದ ಹಾಗೆ.

ಆಗ ಎದ್ದವಳು ಗೊಲ್ಲರಹಟ್ಟಿಯ ಚಿತ್ತಮ್ಮ.
ನನ್ನ ಹಾಜರಿ ಪುಸ್ತಕದಲ್ಲಿ ಅವಳ ಸಾಲು
ಸುಗ್ಗಿ ಮುಗಿದದ್ದೇ ಖಾಲಿ;
ಕುರಿ ನಡೆದಷ್ಟು ದಿನ ಗೈರು.
'ಬೇಸಿಗೇಲಿ ಅಲ್ಲಿ ಕುರಿ ಎಲ್ಲಿಗೆ ಹೊಡೀತಾರೆ ಮಿಸ್?'
ಪಠ್ಯಪುಸ್ತಕದಲ್ಲಿ ಕುರಿ ಇರಲಿಲ್ಲ.
ಅವಳೇ ಬಂದಳು. ಗೆದ್ದಲು ಉಳಿಸಿದ ಇಟಲಿಯ ಮೇಲೆ
ಬೆರಳಿಟ್ಟು, ತಗ್ಗಿನ ಹಸಿರಿನಿಂದ
ಎತ್ತರದ ಕಂದು ಬಣ್ಣಕ್ಕೆ
ಓರೆಯಾಗಿ ಎಳೆದಳು. ನಡುವೆ ಎರಡು ಕಡೆ ನಿಂತಳು.
'ಇಲ್ಲಿ ನೀರು ಕುಡಿಸ್ಬೇಕು. ಇಲ್ಲಿ ರೊಪ್ಪ.
ಮರಿ ಇದ್ರೆ ಇಪ್ಪತ್ತು ದಿನ.
ಮ್ಯಾಲೆ ತಂಪಿರುತ್ತೆ, ಹುಲ್ಲಿರುತ್ತೆ.'

ರಾತ್ರಿ ಲೈಬ್ರರಿಯ ದಪ್ಪ ಪುಸ್ತಕ ತೆಗೆದು ನೋಡಿದೆ.
ನಿಜ. ನೂರಾರು ವರ್ಷ ಕುರಿ ಮಂದೆ ತುಳಿದು ತುಳಿದು
ಹೊಲದಷ್ಟು ಅಗಲವಾದ ದಾರಿಗಳು.
ಹತ್ತಿದ್ದು ಅದೇ ಬೆಟ್ಟ,
ಹೆಚ್ಚುಕಮ್ಮಿ ಅದೇ ಓರೆ.

ಮಾರನೆಯ ದಿನ ಸ್ಪೇನಿನ ಮೂಲೆ ತೋರಿಸಿ
ಇನ್ನೊಂದು ಪ್ರಶ್ನೆ: 'ಈ ನದಿ ಯಾಕೆ ತುಂಡು ತುಂಡು?'
ಅದು ಚುಕ್ಕೆ ಗೆರೆ. ವರ್ಷವೆಲ್ಲ ಹರಿಯದ ನದಿಗೆ
ನಕ್ಷೆ ಮಾಡುವವರು ಪೂರ್ತಿ ಶಾಯಿ ಕೊಡುವುದಿಲ್ಲ.
ಮಳೆ ಬಂದಾಗ ನೀರು, ಉಳಿದಂತೆ ಮರಳು.
ಅಲ್ಲಿಯವರು ರಂಬ್ಲಾ ಅನ್ನುತ್ತಾರೆ,
ಮರಳು ಅನ್ನುವ ಅರಬ್ಬಿ ಮಾತಿನಿಂದ ಬಂದದ್ದು,
ನಮ್ಮಲ್ಲಿ ಅದಕ್ಕೆ ಸರಿಯಾದ...
ಅಂತ ನಾನು ಪದ ತಡಕುತ್ತಿದ್ದರೆ
ಚಿತ್ತಮ್ಮ ಕೂತಲ್ಲಿಂದಲೇ
'ಹಳ್ಳ' ಅಂದಳು.
ಇಷ್ಟೂ ಗೊತ್ತಿಲ್ಲವಾ ಅನ್ನುವ ಹಾಗೆ.

ಪಾಲಯ್ಯ ಯುರೋಪನ್ನು ತಲೆಕೆಳಗಾಗಿ ಸುತ್ತಿ
ಬೇವಿನಸೊಪ್ಪು ತುರುಕಿ ಒಳಗಿಟ್ಟ.

ಸಂಜೆ ಪರಶುರಾಂಪುರದ ಬಸ್ಸಿಗೆ
ವೇದಾವತಿ ದಾಟಿಯೇ ಹೋಗಬೇಕು.
ದಾಟುವುದೆಂದರೆ ಚಪ್ಪಲಿ ಕೈಲಿ ಹಿಡಿದು
ಮರಳಲ್ಲಿ ನಡೆಯುವುದು.
ಟ್ರ್ಯಾಕ್ಟರು ತೋಡಿದ ಗುಂಡಿಗಳ ಪಕ್ಕದಲ್ಲಿ
ಆ ದಡದಿಂದ ಈ ದಡಕ್ಕೆ
ಕುರಿ ಹೋದ ಗೊರಸಿನ ಗುರುತು,
ಸಣ್ಣಸಣ್ಣ ಚುಕ್ಕೆ, ಅಲ್ಲಲ್ಲಿ ತುಸು ಒದ್ದೆ.
ಕಾಲಲ್ಲಿ ಕೆದಕಿದೆ. ಗೇಣು ಆಳಕ್ಕೆ ತಣ್ಣಗಿತ್ತು.

ಹಿಂದೆ ಯಾವನೋ ಹುಡುಗ
ಎಮ್ಮೆ ಹೊಡೆದುಕೊಂಡು ಬರುತ್ತಿದ್ದ,
ಕತ್ತಲಲ್ಲಿ ಮುಖ ಕಾಣಲಿಲ್ಲ.
'ಪೋ' ಅನ್ನುತ್ತಿದ್ದ. 'ಪೋ, ಪೋ.'