ಈ ಒಂದು ಸಲ

ರಾತ್ರಿ ಎರಡೂವರಿ. ಕಾಟಾದ ಮ್ಯಾಲೆ
ಲಗಮಪ್ಪನ ಟ್ರ್ಯಾಕ್ಟರ್, ಹಿಂದ ಎರಡು ಡಬ್ಬಿ,
ಲೋಕಾಪುರದ ಕಡೀ ಕಬ್ಬು.
ಹೊರಗಿನ ಕೆಂಪು ಅಂಕಿ ಎಲ್ಲಾರಿಗೂ ಕಾಣತೈತಿ:
ಇಪ್ಪತ್ತೆಂಟು ಟನ್ ನಾಕನೂರಾ ಅರವತ್ತು ಕಿಲೋ.
ಗೇಟಿನ ನಾಯಿಗೂ ಕಾಣತೈತಿ.
ನನ್ನ ಪರದೆಗೆ ಮಾತ್ರ ಕಾಣವಲ್ಲದು.

ಅಲ್ಲೊಂದು ಬೂದಿಬಣ್ಣದ ಚೌಕ,
ಕೆಳಗ ಇಂಗ್ಲಿಷಿನ್ಯಾಗ ಒಂದು ಮಾತು, ಅರ್ಥ ಇಷ್ಟ:
ಈ ಪ್ಲಗಿನ್ ಹಳೇದಾಗೇತಿ, ಅಪಾಯ ಐತಿ,
ಆದರೂ ಈ ಒಂದು ಸಲ ನಡಸಲೇನು?

ಒಂದು ಪಾಳಿಗೆ ನೂರಾ ತೊಂಬತ್ತು ಗಾಡಿ,
ತುಂಬಿ ಬರೂವಾಗ ಒಮ್ಮೆ, ಖಾಲಿ ಹೋಗೂವಾಗ ಒಮ್ಮೆ,
ಈ ಒಂದು ಸಲ, ಈ ಒಂದು ಸಲ.
ಆರು ಹಂಗಾಮು ಹಿಂಗ ಒತ್ತೀನಿ.
ಸಕ್ಕರಿ ಕಾಯಿಲೆ ಇಟಗೊಂಡು ಪೇಡಾ ತಿನ್ನೂವಾಗ
ನಮ್ಮ ಅಬ್ಬಾನೂ ಇದ ಮಾತು ಹೇಳತಿದ್ದ.

ಇವತ್ತು ಒತ್ತಿದೆ. ಒಲ್ಲೆ ಅಂತೈತಿ.

ತಂತಿ ಸರಿ ಐತಿ, ತೂಕ ಸರಿ ಐತಿ.
ಕಾಟಾದಿಂದ ಪರದೆಗೆ ಅಂಕಿ ಹೊತ್ತು ತರೂ
ನಡುವಿನ ಆ ಸಣ್ಣ ಹಮಾಲಗ ವಯಸ್ಸಾಗೇತಿ.
ಅವನ ಹುಟ್ಟಿಸಿದ ಸಾಂಗ್ಲಿ ಕಂಪನಿ
ಬಾಗಿಲು ಹಾಕಿ ಏಳು ವರ್ಷ. ಫೋನ್ ಹಚ್ಚಿದ್ರ
ಈಗ ಅಲ್ಲಿ ಯಾರೋ ಪ್ಲೈವುಡ್ ಮಾರತಾರ,
ಪಾಪ, ಮರಾಠಿಯೊಳಗ ಸಮಾಧಾನ ಹೇಳತಾರ.
ಹೊಸ ಬ್ರೌಸರಿಗೆ ಇವ ಬ್ಯಾಡ.
ಅದಕ್ಕ ಈ ಒಂದು ಕಂಪ್ಯೂಟರ್ ಇದ್ದಂಗ ಇಟ್ಟೀವಿ,
ನೆತ್ತಿಗೆ ಚೀಟಿ ಅಂಟಿಸಿ: ಅಪ್‌ಡೇಟ್ ಒತ್ತಬ್ಯಾಡ್ರಿ.
ಕೆಳಗ ಕೆಂಪು ಪೆನ್ನಿಲೆ: ಯಾರೂ. ಸಾಹೇಬ್ರೂ.

ಇನ್ನೊಂದು ಮಾತು, ಹೊರಗ ಹೇಳಬ್ಯಾಡ್ರಿ.
ಅವನ ಸಹಿಯ ಅವಧಿ ಎಂದೋ ಮುಗದೈತಿ.
ದಿನಾ ಪಾಳಿ ಹಿಡದ ಕೂಡ್ಲೆ
ಕಂಪ್ಯೂಟರಿನ ತಾರೀಖು ಹಿಂದಕ್ಕ ತಿರುವತೀನಿ:
ಎರಡು ಸಾವಿರದ ಹದಿನಾಲ್ಕು, ಡಿಸೆಂಬರ್.
ಕಾಟಾಚೀಟಿ ಆ ತಾರೀಖಿನ್ಯಾಗ ಬರತಾವ,
ಪೆನ್ನಿಲೆ ಹೊಡದು, ಇವತ್ತಿಂದು ಬರದು, ಶಿಕ್ಕಾ ಒತ್ತತೀನಿ.
ಆ ಡಿಸೆಂಬರಿನ್ಯಾಗ ಈ ಕುರ್ಚಿಮ್ಯಾಲೆ
ಈರಪ್ಪ ಹೊಸಕೋಟಿ ಇದ್ದ. ಪಾಸ್‌ವರ್ಡ್ ಇನ್ನೂ ಅವಂದ,
ಮಗಳ ಹೆಸರು, ಮುಂದ ಒಂದು ಎರಡು ಮೂರು.
ಆಕಿ ಈಗ ಜಮಖಂಡಿಯಾಗ ನರ್ಸ್ ಅಂತ.
ದಿನಾ ಆಕಿ ಹೆಸರು ಬರದು ಒಳಗ ಹೋಗತೀನಿ,
ಮನಿಯಾಗ ಹೇಳಿಲ್ಲ.

ಹೊರಗ ಹಾರ್ನ್ ಮ್ಯಾಲೆ ಹಾರ್ನ್.
ಲಗಮಪ್ಪ ಕಿಟಕಿಗೆ ಬಂದ, ಮಫ್ಲರ್ ಸಡಲಿಸಿ:
"ಏನೋ ದಾವಲಾ, ಅಂಕಿ ಕಣ್ಮುಂದ ಐತಿ, ನೋಡಿ ಬರಿಯಲ್ಲ."
ಬರಿಯಾಕ ಬರಂಗಿಲ್ಲ. ಕೈಲೆ ಬರದ ಅಂಕಿ ಕಳ್ಳ ಅಂಕಿ ಅಂತ
ಹ್ವಾದ ವರ್ಷ ಗೇಟಿನ ಮುಂದ ಕುಂತು
ಬರಸಿಕೊಂಡವರು ಇವರ.
ಅವತ್ತು ಎಲ್ಲಾರಿಗಿಂತ ದೊಡ್ಡ ದನಿ ಲಗಮಪ್ಪಂದ.
ನಾನು ಅದನ್ನ ನೆನಪಿಸಲಿಲ್ಲ.
ಇಬ್ಬರೂ ಅಂಕಿ ನೋಡಕೋತ ನಿಂತಿವಿ.
ಗಾಳಿ ಬೀಸಿದ್ರ ತುದಿ ಅಲಗತೈತಿ,
ಅರವತ್ತು, ಐವತ್ತು, ಅರವತ್ತು.
"ನೋಡು, ಒಣಗಾಕತ್ತೈತಿ" ಅಂದ.

ಬೆಳಗಾವಿ ಹೆಡ್ ಆಫೀಸಿನ ಹುಡುಗಗ ಫೋನ್ ಹಚ್ಚಿದೆ.
ನಿದ್ದಿಗಣ್ಣಾಗ ಅಂದ: ಬಂದ್ ಮಾಡಿ ಚಾಲೂ ಮಾಡ್ರಿ,
ಮುಂದಿನ ಹಂಗಾಮಿಗೆ ಹೊಸದು ಬರತೈತಿ.
ಬಂದ್ ಮಾಡಿದೆ. ಚಾಲೂ ಮಾಡಿದೆ.
ಚಾ ತಣ್ಣಗಾತು.
ಆಮ್ಯಾಲೆ ಪರದೆಯ ಮೂಲಿಗೆ ಕಣ್ಣು ಹೋತು.

ಇವತ್ತಿನ ತಾರೀಖು. ಖರೇ ತಾರೀಖು.
ಹಗಲ ಪಾಳಿಯವ ಕ್ರಿಕೆಟ್ ನೋಡಾಕ
ಇಂಟರ್ನೆಟ್ ತಂತಿ ಚುಚ್ಯಾನ,
ಗಡಿಯಾರ ತನ್ನಷ್ಟಕ್ಕ ತಾನ ತಿದ್ದಿಕೊಂಡೈತಿ.
ಕೆಟ್ಟದ್ದು ಇಷ್ಟ.

ತಂತಿ ಕಿತ್ತಿದೆ. ವರ್ಷಗಳನ್ನ ಒಂದೊಂದ ಇಳಿಸಿದೆ.
ಚೌಕ ಕೇಳಿತು, ಹೂಂ ಅಂದೆ,
ಅಂಕಿ ಬಂದು ಕುಂತಿತು:
ಇಪ್ಪತ್ತೆಂಟು ಸಾವಿರದ ನಾಕನೂರಾ ಐವತ್ತು.

ಲಗಮಪ್ಪ ಚೀಟಿನ್ನ ಬಲ್ಬಿನ ಕೆಳಗ ಹಿಡದ.
"ಹತ್ತು ಕಿಲೋ ಎಲ್ಲಿ ಹೋತು?"
"ಗಾಳಿ" ಅಂದೆ.
ಅವ ಡಬ್ಬಿಯಿಂದ ಒಂದು ಗಳ ಎಳದು
ಮೊಣಕಾಲಿಗೆ ಹಾಕಿ ಮುರದು
ಅರ್ಧ ಕಿಟಕಿಯೊಳಗ ತೂರಿಸಿದ:
"ತಿನ್ನು, ತೂಗಿ ಆತಲ್ಲ,
ಇನ್ನ ಇದು ನಿಮ್ಮ ಫ್ಯಾಕ್ಟರೀದು."